ಸೊಂಟದೆತ್ತರದ ಗುರುತುಗಳು

ಅಕ್ಟೋಬರ್ 4, ಶನಿವಾರ

ಬಸ್ಸಿನ ಬಲಗಡೆಯ ಕಿಟಕಿ ಸೀಟಿನಲ್ಲಿ ಹಲ್ಲು ಡಾಕ್ಟರ್ ಕೂತ. ಮೂವತ್ತೊಂಬತ್ತು ವರ್ಷಗಳಿಂದ ಅದು ನನ್ನ ಸೀಟು. ಕಾಡಿನ ತಿರುವು ದಾಟಿದ ಕೂಡಲೇ ಮರಗಳ ಸಂದಿಯಲ್ಲಿ ಒಂದನೇ ಕೆರೆ ಕಾಣುವುದು ಆ ಕಿಟಕಿಯಿಂದ ಮಾತ್ರ. ಪ್ರತಿ ವರ್ಷ ಅಪ್ಪ ನನ್ನ ಪಕ್ಕದಲ್ಲಿ ಕೂತು "ನೋಡು, ಬಂತು" ಅನ್ನುತ್ತಿದ್ದರು. ಇವತ್ತು "ನೋಡಿ ಅಳಿಯಂದ್ರೇ, ಬಂತು" ಅಂದರು. ನಾನು ಹಿಂದಿನ ಸಾಲಿನಲ್ಲಿ ತಂಗಿಯ ಪಕ್ಕ, ಇಬ್ಬರ ನಡುವೆ ಅವಳ ದಿಂಬು. ಕಾಡಿಗೆ ದಿಂಬು ಹೊತ್ತು ತಂದಿದ್ದಾಳೆ ಮಹಾರಾಯ್ತಿ!

ಹಲ್ಲು ಡಾಕ್ಟರ್ ಅಂದರೆ ತಂಗಿಯ ಗಂಡ. ಮದುವೆಯಾಗಿ ಎಂಟು ತಿಂಗಳು. ಮಕ್ಕಳ ಹಲ್ಲಿನ ಡಾಕ್ಟರ್ ಆದ್ದರಿಂದ ದೊಡ್ಡವರ ಹತ್ತಿರವೂ ಮಕ್ಕಳನ್ನು ಪುಸಲಾಯಿಸಿದ ಹಾಗೆ ಮೆತ್ತಗೆ ಮಾತಾಡುತ್ತಾನೆ, ಯಾವಾಗಲೂ ನಗುತ್ತಾನೆ. ಅಷ್ಟೊಂದು ಹಲ್ಲು ತೋರಿಸುವುದು ಕ್ಲಿನಿಕ್ಕಿನ ಜಾಹೀರಾತಿರಬೇಕು. ತಂಗಿಗೆ ಸೊಳ್ಳೆ ಅಂದರೆ ಆಗದು, ಇಷ್ಟು ವರ್ಷ ಒಂದು ಸಲವೂ ಈ ಕಡೆ ತಲೆ ಹಾಕಿದವಳಲ್ಲ. ಈ ಸಲ ಅವನು "ಮಾವ ಅಷ್ಟು ಹೇಳ್ತಾರೆ, ನೋಡೇ ಬಿಡೋಣ" ಅಂದನಂತೆ. ಇಬ್ಬರೂ ಗಂಟುಮೂಟೆ ಕಟ್ಟಿದರು.

ಅವರ ಟೆಂಟು ಹೊಸದು. ಚೀಲದಿಂದ ತೆಗೆದು ಎಸೆದರೆ ಸಾಕು, ತಾನೇ ಬಿಚ್ಚಿಕೊಂಡು ಎದ್ದು ನಿಲ್ಲುತ್ತದೆ. ನಮ್ಮದಕ್ಕೆ ಹನ್ನೊಂದು ಕೋಲು, ಇಪ್ಪತ್ತು ಗೂಟ, ನಲವತ್ತು ನಿಮಿಷ. ನಾನು ಮಂಡಿಯೂರಿ ಗೂಟ ಹೊಡೆಯುತ್ತಿದ್ದರೆ ಅಪ್ಪ ಅವರ ಟೆಂಟಿನ ಸುತ್ತ ಒಂದು ಸುತ್ತು ಹಾಕಿ "ಏನು ತಲೆ ಓಡಿಸಿದಾರೆ ರೀ!" ಅನ್ನುತ್ತಿದ್ದರು. ಗೂಟದ ಬದಲು ಹೆಬ್ಬೆರಳಿಗೇ ಹೊಡೆದುಕೊಂಡೆ.

ಸಂಜೆ ಕ್ಯಾಂಪ್ ಕಚೇರಿಯ ಹೆಂಗಸು ಬಂದು ಅಪ್ಪನಿಗೆ ಚಾರಣ ಸಂಘದ ಫಾರಂ ಕೊಟ್ಟಳು. ಇದು ಹಳೆಯ ಅರಸರ ಬೇಟೆಕಾಡು. ಇಲ್ಲಿನ ಒಂದೊಂದು ಕಾಲುದಾರಿಯನ್ನೂ ಸಂಘದ ಒಬ್ಬೊಬ್ಬರು ನೋಡಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಬಂದು ಮರ, ಬಂಡೆಗಳ ಮೇಲಿನ ಗುರುತುಗಳಿಗೆ ಬಣ್ಣ ಬಳಿಯುವುದು ಅವರ ಕೆಲಸ. ಬಿಳಿ ಚೌಕ, ನಡುವೆ ಕೆಂಪು ಪಟ್ಟಿ. ಏಳು ಕೆರೆಗಳ ದಾರಿ ಅಪ್ಪನದು. ಅದನ್ನು ಹುಡುಕಿ ಮೊದಲು ಗುರುತು ಹಾಕಿದವರೇ ಅವರು. ಆಗ ನನಗೆ ಏಳು ವರ್ಷ, ತಂಗಿ ಇನ್ನೂ ಹುಟ್ಟಿರಲಿಲ್ಲ. ಎಪ್ಪತ್ತೈದು ತುಂಬಿದವರು ದಾರಿಯನ್ನು ಬೇರೆಯವರಿಗೆ ವಹಿಸಬೇಕೆಂಬುದು ಸಂಘದ ನಿಯಮ. ಅಪ್ಪನಿಗೆ ಆಗಸ್ಟಿನಲ್ಲಿ ತುಂಬಿತು. ಮುಂದೆ ನೋಡಿಕೊಳ್ಳುವವರ ಹೆಸರು ಬರೆದು, ಮುಂದಿನ ಭಾನುವಾರ ಹೊರಡುವ ಮೊದಲು ಫಾರಂ ಕೊಡಬೇಕು.

ಬರೆಯುವುದಕ್ಕೆ ಯೋಚಿಸುವುದೇನಿದೆ? ಪ್ರತಿ ಅಕ್ಟೋಬರಿನಲ್ಲೂ ಡಿಪೋದಲ್ಲಿ ರಜೆ ಹಾಕಿ, ಬಸ್ಸುಗಳ ವೇಳಾಪಟ್ಟಿಯನ್ನು ಆ ಮರೆಗುಳಿ ಸಹಾಯಕನ ಕೈಗೆ ಕೊಟ್ಟು, ಬಣ್ಣದ ಪೆಟ್ಟಿಗೆ ಹೊತ್ತು ಅಪ್ಪನ ಜೊತೆ ಬಂದವಳು ನಾನು. ಕಣ್ಣು ಕಟ್ಟಿ ಬಿಟ್ಟರೂ ಆ ದಾರಿಯಲ್ಲಿ ನಡೆಯುತ್ತೇನೆ. ಪೆನ್ನು ತೆಗೆದು ಚಾಚಿದೆ. ಅಪ್ಪ ಫಾರಂ ಮಡಚಿ ಜೇಬಿಗಿಟ್ಟು "ಟೈಮಿದೆಯಲ್ಲ, ನೋಡೋಣ" ಅಂದರು.

ನೋಡುವುದೇನು?

ಅಕ್ಟೋಬರ್ 5, ಭಾನುವಾರ

ಪೆಟ್ಟಿಗೆ ಅವನ ಹೆಗಲಿಗೆ ಹೋಯಿತು. "ನಿಂಗೆ ಬೆನ್ನು ನೋವು ಅಂತಿದ್ಯಲ್ಲ ಮಗಳೇ" ಅಂದರು ಅಪ್ಪ. ಬೆನ್ನು ನೋವು ಬಂದಿದ್ದು ಮಾರ್ಚಿನಲ್ಲಿ. ಅಪ್ಪನಿಗೆ ಬೇಕಾದಾಗ ಮಾತ್ರ ನೆನಪಿನ ಶಕ್ತಿ ಜೋರು.

ಅದಾದರೂ ಹೋಗಲಿ. ದಾರಿ ಶುರುವಾಗುವ ಕಲ್ಲುಗೋಡೆಯ ಬಾಗಿಲಲ್ಲಿ ಅಪ್ಪ ಅವನಿಗೆ "ನೀವು ಮುಂದೆ ನಡೀರಿ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲ ವರ್ಷ ಅಪ್ಪ ಈ ಕಾಡಿನಲ್ಲಿ ದಾರಿ ಮಾಡಿದಾಗ ಮುಂದೆ ನಡೆದವಳು ನಾನು. ಏಳು ವರ್ಷದ ನಾನು ದಾರಿ ತೋರಿಸುತ್ತಾ ಹೋದೆ, ಅಪ್ಪ ಹಿಂದೆ ಹಿಂದೆ ಬಣ್ಣ ಬಳಿಯುತ್ತಾ ಬಂದರು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಹುದ್ದೆ ಮತ್ತೆ ಸಿಕ್ಕಿಲ್ಲ. ಅದನ್ನು ಎಂಟು ತಿಂಗಳ ಅಳಿಯನಿಗೆ ಎತ್ತಿ ಕೊಟ್ಟರು.

ಅವನೋ, ದಾರಿ ನಡೆಯುವುದರಲ್ಲಿ ಶುದ್ಧ ದಂಡಪಿಂಡ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. "ಮಾವ, ಇಲ್ಲಿ ಎಡಕ್ಕಾ?" "ಮಾವ, ಇದು ದಾರೀನಾ, ನೀರು ಹರಿದಿರೋ ಜಾಡಾ?" ಒಂದು ಕಡೆ ಜಿಂಕೆ ನಡೆದ ಜಾಡು ಹಿಡಿದು ನೇರವಾಗಿ ಮುಳ್ಳಿನ ಪೊದೆಗೇ ಹೋದ. ನನಗಾದರೆ ಅಪ್ಪ ಬೈಯುತ್ತಿದ್ದರು. ಅವನಿಗೆ ಬೈಯುವುದಿರಲಿ, ಖುಷಿಯಿಂದ ಕೈ ಉಜ್ಜಿಕೊಂಡರು! ಅವನು ನಿಂತಲ್ಲೆಲ್ಲ ತಾವೂ ನಿಂತು, ಗುರುತು ಎಲ್ಲಿದೆ ನೋಡಿ, ತಲೆಯಾಡಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಹೊಸ ಗುರುತು ಹಾಕುವುದನ್ನೂ ಕಲಿಸಿದರು. ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಬೇಕು, ಬಿಳಿ ಬಳಿಯಬೇಕು, ಅದು ಪೂರ್ತಿ ಒಣಗುವವರೆಗೆ ಕೆಂಪು ಮುಟ್ಟಬಾರದು. ಅವಸರ ಮಾಡಿದರೆ ಎರಡೂ ಸೇರಿ ಗುಲಾಬಿಯಾಗುತ್ತದೆ. ಇದನ್ನೆಲ್ಲ ನಾನೂ ಹೇಳಿಕೊಡಬಹುದಿತ್ತು, ನನ್ನನ್ನು ಯಾರು ಕೇಳುತ್ತಾರೆ?

"ಗುರುತುಗಳೆಲ್ಲ ಯಾಕೆ ಮಾವ ಇಷ್ಟು ಕೆಳಗಿವೆ?" ಅಂತ ಕೇಳಿದ. ನಿಜ, ನಮ್ಮ ದಾರಿಯ ಗುರುತುಗಳು ಸೊಂಟದೆತ್ತರಕ್ಕಿವೆ. ಬೇರೆ ದಾರಿಗಳಲ್ಲಿ ಕಣ್ಣಿನೆತ್ತರ. ಸಂಘದವರು ಎಷ್ಟೋ ಸಲ ಪತ್ರ ಬರೆದಿದ್ದಾರೆ. ಅಪ್ಪ ಕಿವಿಗೆ ಹಾಕಿಕೊಂಡಿಲ್ಲ. ಅವರ ಊರುಗೋಲಿನಲ್ಲಿ ಚಾಕುವಿನಿಂದ ಕೊರೆದ ಒಂದು ಗೀಟಿದೆ. ಹೊಸ ಗುರುತು ಹಾಕಬೇಕಾದಾಗಲೆಲ್ಲ ಕೋಲನ್ನು ನೆಲಕ್ಕೂರಿ ಆ ಗೀಟಿನ ಮಟ್ಟಕ್ಕೇ ಹಾಕುತ್ತಾರೆ.

"ಇರ್ಲಿ ಬಿಡಿ, ಅದೊಂದು ಲೆಕ್ಕ" ಅಂದರು ಅಪ್ಪ. ಹಲ್ಲು ಡಾಕ್ಟರ್ ಕೋಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ನಾನು ಇಷ್ಟು ವರ್ಷ ಅದನ್ನು ಕೇಳಿಯೇ ಇಲ್ಲ. ಅಪ್ಪನ ಪದ್ಧತಿ ಅಂದರೆ ಪದ್ಧತಿ, ಅದರಲ್ಲಿ ಕೇಳುವುದೇನು?

ಅಕ್ಟೋಬರ್ 6, ಸೋಮವಾರ

"ಬೆನ್ನು ನೋವು. ನೀವೇ ಹೋಗಿ ಬನ್ನಿ" ಅಂದೆ. ಯಾರೂ ಬಲವಂತ ಮಾಡಲಿಲ್ಲ, ಅದು ಇನ್ನೂ ಸಿಟ್ಟು ತರಿಸಿತು. ಅವರು ಮೂರನೇ ಕೆರೆಯ ಕಡೆ ಹೊರಟರು. ನಾನು ಕಾಡಿನ ಜೀಪ್ ರಸ್ತೆ ಹಿಡಿದು ಒಬ್ಬಳೇ ಐದನೇ ಕೆರೆಗೆ ಹೋದೆ.

ಕೆರೆ ಹಾಗೇ ಇದೆ. ಹಿಂದಿನ ಕಾಲದವರು ಕಬ್ಬಿಣ ಕರಗಿಸಲು ನೀರು ಕಟ್ಟಿದ ಕೆರೆ, ಏರಿಯ ಕಲ್ಲುಗಳಿಗೆ ಈಗಲೂ ತುಕ್ಕಿನ ಬಣ್ಣ. ಅಲ್ಲಿಂದ ಸ್ವಲ್ಪ ಮುಂದೆ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಆರನೇ ಕೆರೆ, ಬಲಕ್ಕೆ ಹೋದರೆ ಹಳೆಯ ಕಲ್ಲುಗಣಿ. ಗಣಿಯ ದಾರಿಯೇ ಅಗಲ, ಗೊತ್ತಿಲ್ಲದವರು ಅತ್ತಲೇ ಹೋಗುತ್ತಾರೆ. ಅದಕ್ಕೇ ಕವಲಿನ ದೊಡ್ಡ ಮರದ ಮೇಲೆ ಗುರುತಿತ್ತು. ಆ ಮರ ಬಿದ್ದಿದೆ. ಎಲೆಗಳೆಲ್ಲ ಒಣಗಿ ಕಂದಾಗಿವೆ, ತೊಗಟೆಯೊಳಗೆ ಇರುವೆ ಗೂಡು ಕಟ್ಟಿವೆ. ಗುರುತು ಕಾಂಡದ ಅಡಿಯಲ್ಲಿ ಸೇರಿಹೋಗಿದೆ.

ಅಪ್ಪನಿಗೆ ಹೇಳಬೇಕು ಅಂತಲೇ ಬೇಗ ಬೇಗ ವಾಪಸು ಬಂದೆ. ಬಂದರೆ, ಅಪ್ಪ ಮತ್ತು ಹಲ್ಲು ಡಾಕ್ಟರ್ ಒದ್ದೆ ಕಾಲುಚೀಲಗಳನ್ನು ಹಗ್ಗಕ್ಕೆ ಹಾಕುತ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಅವನು ಮೂರನೇ ಕೆರೆಯಲ್ಲಿ ಜಾರಿ ಬಿದ್ದನಂತೆ, ಅಪ್ಪ ಕೈ ಕೊಡಲು ಹೋಗಿ ತಾವೂ ಬಿದ್ದರಂತೆ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದನ್ನು ಅಮ್ಮ ಹೋದ ಮೇಲೆ ನಾನು ನೋಡಿಲ್ಲ. ಹದಿನಾರು ವರ್ಷ ಅಡುಗೆ, ಔಷಧಿ, ಕಾಲಿಗೆ ಎಣ್ಣೆ ಎಲ್ಲ ನಾನು ನೋಡಿಕೊಂಡೆ, ನಗಿಸುವುದು ಮಾತ್ರ ನನಗೆ ಹೊಳೆಯಲಿಲ್ಲ.

"ಎಲ್ಲಿಗೆ ಹೋಗಿದ್ದೆ?" ಅಂದರು ಅಪ್ಪ. "ಐದನೇ ಕೆರೆ ಕಡೆ ಒಂದು ಸುತ್ತು" ಅಂದೆ. ಅಷ್ಟೇ ಅಂದೆ.

ಹೌದು, ಹೊಟ್ಟೆಕಿಚ್ಚು. ನನ್ನ ಡೈರಿಯಲ್ಲಾದರೂ ನಿಜ ಬರೆಯಬೇಡವೇ? ಅವನಿಗೆ ಮದುವೆಯಾಗಿದೆ, ಕ್ಲಿನಿಕ್ಕಿದೆ, ತಾನೇ ಎದ್ದು ನಿಲ್ಲುವ ಟೆಂಟಿದೆ. ನನಗೆ ಅವು ಯಾವುವೂ ಬೇಡ, ಬೇಕಿದ್ದರೆ ಯಾವತ್ತೋ ಮಾಡಿಕೊಳ್ಳುತ್ತಿದ್ದೆ. ನನಗಿರುವುದು ಒಂದು ದಾರಿ.

ಅಕ್ಟೋಬರ್ 8, ಬುಧವಾರ

ಅಪ್ಪನ ಮಂಡಿ ಊದಿಕೊಂಡಿದೆ. ಬಿಸಿ ನೀರಿನ ಚೀಲ ಇಟ್ಟೆ. ನಾಲ್ಕು ಕೆರೆಗಳ ಕೆಲಸ ಮುಗಿದಿದೆ, ಇನ್ನು ಮೂರು ಬಾಕಿ.

ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದೆ. ಟೆಂಟಿನ ಆಚೆ ಅಪ್ಪ ಅವನಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಈ ದಾರಿಗೆ ನಿಮ್ಮಂಥೋರೇ ಬೇಕು ನೋಡಿ."

"ನಾನಾ? ದಿನಕ್ಕೆ ಹತ್ತು ಸಲ ದಾರಿ ತಪ್ತೀನಲ್ಲ ಮಾವ!"

"ಅದಕ್ಕೇ ಹೇಳಿದ್ದು. ನಾಳೆ ಒಬ್ರೇ ಹೋಗಿ. ಬಣ್ಣ ಬೇಡ, ಎಲ್ಲೆಲ್ಲಿ ಅನುಮಾನ ಬರುತ್ತೋ ಬರ್ಕೊಂಡು ಬನ್ನಿ. ಐದು, ಆರು, ಏಳು. ಮೂರು ಗಂಟೆಗೆಲ್ಲ ವಾಪಸ್ ಬರ್ತೀರಿ."

ನನ್ನ ಕೈಯಲ್ಲಿದ್ದ ತಟ್ಟೆ ನಲ್ಲಿಗೆ ತಾಗಿ ಠಣ್ಣೆಂದಿತು. ಅಪ್ಪ ಕರೆದರು. "ದೊಡ್ಡೋಳೇ, ಸೋಮವಾರ ನೀನು ಐದನೇ ಕೆರೆ ಕಡೆ ಹೋಗಿದ್ಯಲ್ಲ? ಕವಲಿನ ಹತ್ರ ದಾರಿ ಸರಿಯಾಗಿದ್ಯಾ?"

ಅವನು ನನ್ನ ಮುಖ ನೋಡುತ್ತಿದ್ದ. ಅದೇ ನಗು.

"ಸರಿಯಾಗಿದೆ" ಅಂದೆ.

ಹೋಗಿ ಪೆಚ್ಚು ಮೋರೆ ಹಾಕಿಕೊಂಡು ವಾಪಸು ಬರಲಿ. ಕಲ್ಲುಗಣಿ ಅಂದರೆ ಹುಲಿಯ ಬಾಯೇನಲ್ಲ. ಒಂದು ಸಲ ಸುತ್ತಿ ಸುಸ್ತಾದರೆ ಅಪ್ಪನಿಗೂ ಗೊತ್ತಾಗುತ್ತದೆ, ದಾರಿ ಯಾರ ಕೈಯಲ್ಲಿರಬೇಕು ಅಂತ.

ಅಕ್ಟೋಬರ್ 9, ಗುರುವಾರ

ಅವನು ಎಂಟಕ್ಕೆ ಹೊರಟ. ತಂಗಿ ಬ್ರೆಡ್ಡು, ಮೊಟ್ಟೆ ಕಟ್ಟಿಕೊಟ್ಟಳು. ಅಪ್ಪ ತಮ್ಮ ಊರುಗೋಲನ್ನೇ ಕೊಟ್ಟರು.

ಮೂರಾಯಿತು. ಮೂರೂವರೆಯಾಯಿತು. ವೇಳಾಪಟ್ಟಿ ಬರೆಯುವವಳಿಗೆ ಗಡಿಯಾರ ನೋಡದೆ ಇರಲು ಆಗದು. ತಂಗಿ ದಾರಿಯ ಬಾಗಿಲಿಗೆ ಹೋಗಿ ನಿಲ್ಲುವುದು, ಬರುವುದು, ಮತ್ತೆ ಹೋಗುವುದು. "ಅಕ್ಕಾ, ಯಾಕೆ ಇನ್ನೂ ಬಂದಿಲ್ಲ?"

"ಅವರು ನಡೆಯೋದೇ ನಿಧಾನ. ಇನ್ನೊಂದು ಅರ್ಧ ಗಂಟೆ ನೋಡೋಣ" ಅಂದೆ. ಅಂದವಳೇ ಟೆಂಟಿನೊಳಗೆ ಹೋಗಿ ಕೂತೆ. ಗಣಿಯ ಅಂಚಿನಲ್ಲಿ ಬೇಲಿ ಇತ್ತೋ ಇಲ್ಲವೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ನಾಲ್ಕು ಗಂಟೆಗೆ ತಂಗಿ ನನ್ನ ಎದುರು ಬಂದು ಕೂತಳು. ಅಳಲಿಲ್ಲ. "ಅಕ್ಕ, ಈ ಕಾಡು ನಿಂಗೆ ಗೊತ್ತು. ನೀನು ಹೋದ್ರೆ ಸಿಕ್ತಾರೆ. ನಂಗೆ ನಂಬಿಕೆ ಇದೆ" ಅಂದಳು. ಚಿಕ್ಕಂದಿನಲ್ಲಿ ಗೊಂಬೆ ಮುರಿದಾಗ ಹೀಗೇ ನನ್ನ ಮುಂದೆ ತಂದಿಟ್ಟು ಕೂರುತ್ತಿದ್ದಳು. ಬೂಟಿನ ದಾರ ಕಟ್ಟಿಕೊಳ್ಳದೆಯೇ ಎದ್ದೆ.

ಕಚೇರಿಯ ಹೆಂಗಸು ಪೇಟೆಗೆ ಹೋಗಿದ್ದಳು, ಜೀಪ್ ಇರಲಿಲ್ಲ. ಜೀಪ್ ರಸ್ತೆಯಲ್ಲೇ ಅರ್ಧ ಓಡಿದೆ, ಅರ್ಧ ನಡೆದೆ. ನಲವತ್ತಾರು ವರ್ಷದ ಕಾಲುಗಳು ನೆನಪು ಮಾಡಿಕೊಟ್ಟವು, ತಾವು ಡಿಪೋದ ಕುರ್ಚಿಯ ಕಾಲುಗಳು ಅಂತ. ಕವಲಿನಲ್ಲಿ ಬಿದ್ದ ಮರ ದಾಟಿ, ಬಲಕ್ಕೆ ತಿರುಗಿ, ಬಾಯಿ ಬಿಟ್ಟು ಕೂಗಲು ಹೋದರೆ ಏನಂತ ಕೂಗುವುದು? ಅವನ ಹೆಸರು ಹಿಡಿದು ನಾನು ಯಾವತ್ತೂ ಕರೆದಿಲ್ಲ. "ಡಾಕ್ಟ್ರೇ! ಡಾಕ್ಟ್ರೇ!" ಅಂತ ಆಸ್ಪತ್ರೆಯಲ್ಲಿ ಕೂಗಿದ ಹಾಗೆ ಕೂಗಿದೆ.

"ಅಕ್ಕಾ, ಇಲ್ಲಿ!"

ಗಣಿಯ ಬದಿಯ ಒಂದು ಹಳ್ಳದಲ್ಲಿ ಕೂತಿದ್ದ. ಕಾಲು ಉಳುಕಿ ಪಾದ ಕುಂಬಳಕಾಯಿಯಾಗಿತ್ತು. ಅವನಿಂದ ನಾಲ್ಕು ಮಾರು ಆಚೆ ಗಣಿ. ಬೇಲಿ ಇರಲಿಲ್ಲ. ಅದನ್ನು ನೋಡಿ ಅಲ್ಲೇ ಅವನ ಪಕ್ಕ ಕೂತೆ. ಅವನೇ ನನಗೆ ನೀರು ಕೊಟ್ಟ.

"ಕವಲಲ್ಲಿ ನಿಂತೆ ಅಕ್ಕ. ತುಂಬಾ ಹೊತ್ತು ನಿಂತೆ. ಇಲ್ಲಿ ಗುರುತು ಇರಲೇಬೇಕು ಅನ್ನಿಸ್ತು. ಯಾಕಂದ್ರೆ ಈ ದಾರೀಲಿ ನಾನು ನಿಂತಲ್ಲೆಲ್ಲ ಇದೆ. ಇದೊಂದು ಕಡೆ ಇರ್ಲಿಲ್ಲ."

ಅವನನ್ನು ಎಬ್ಬಿಸಿ ಹೆಗಲು ಕೊಟ್ಟೆ. ಒಂದು ಕೈಯಲ್ಲಿ ಕೋಲು, ಒಂದು ಕೈ ನನ್ನ ಹೆಗಲ ಮೇಲೆ. ಬಿದ್ದ ಮರದ ಹತ್ತಿರ ಬಂದಾಗ ಸ್ವಲ್ಪ ನಿಂತ. ಒಣಗಿದ ಎಲೆಗಳನ್ನು ನೋಡಿದ, ಇರುವೆ ಗೂಡು ನೋಡಿದ, ನನ್ನನ್ನು ನೋಡಲಿಲ್ಲ.

ದಾರಿಯುದ್ದಕ್ಕೂ ಅವನದೇ ಮಾತು. ನೋವು ಮರೆಯಲಿಕ್ಕೆ ಬಡಬಡಿಸುತ್ತಿದ್ದ ಅಂತ ಕಾಣುತ್ತದೆ. "ಅಕ್ಕ, ಬೆಳಗ್ಗೆ ಬಗ್ಗಿಕೊಂಡು ನಡೆದು ನೋಡಿದೆ. ಬಗ್ಗಿದ್ರೆ ಎಲ್ಲಾ ಗುರುತೂ ನೇರ ಕಣ್ಣಿಗೆ ಬೀಳ್ತವೆ. ನನ್ನ ಕೆಲಸ ಇಡೀ ದಿನ ಬಗ್ಗೋದೇ ಅಲ್ವಾ? ಈ ಕೋಲಿನ ಗೀಟಿದೆಯಲ್ಲ, ಇದು ಏಳು ವರ್ಷದ ಮಗು ನಿಂತ್ರೆ ಅದರ ಕಣ್ಣಿನ ಎತ್ತರ. ಆರೂವರೆ ಇರಬಹುದು, ಎಂಟಂತೂ ಅಲ್ಲ. ಮಾವ ಈ ದಾರಿ ಮಾಡ್ದಾಗ ಜೊತೇಲಿ ಯಾವ ಮಗು ಇತ್ತು?"

"ನಾನೇ ಇದ್ದೆ. ಮುಂದೆ ನಡೆದು ದಾರಿ ತೋರ್ಸಿದ್ದೇ ನಾನು" ಅಂದೆ, ಗತ್ತಿನಿಂದಲೇ.

"ಓ" ಅಂದ. ಕೋಲಿನ ಗೀಟಿನ ಮೇಲೆ ಒಮ್ಮೆ ಬೆರಳಾಡಿಸಿ ಕುಂಟುತ್ತಾ ಮುಂದೆ ನಡೆದ.

ಕತ್ತಲಾಗುವ ಮೊದಲು ಕ್ಯಾಂಪು ತಲುಪಿದೆವು. ತಂಗಿ ಅವನನ್ನು ತಬ್ಬಿಕೊಳ್ಳುವ ಬದಲು ನನ್ನನ್ನು ತಬ್ಬಿಕೊಂಡಳು. ಗಣಿಯ ಹತ್ತಿರ ಸಿಕ್ಕಿದ ಅಂತ ಕೇಳಿ ಅಪ್ಪ ನನ್ನನ್ನೇ ನೋಡುತ್ತಾ "ಕವಲಿನ ಗುರುತು ಏನಾಯ್ತು?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ. "ಮರ ಬಿದ್ದಿದೆ ಮಾವ. ಇವತ್ತು ಬೆಳಗ್ಗೆಯಷ್ಟೇ ಬಿದ್ದಿರ್ಬೇಕು. ಎಲೆ ಇನ್ನೂ ಹಸಿ."

ಅಕ್ಟೋಬರ್ 10, ಶುಕ್ರವಾರ

ಎಲೆ ಇನ್ನೂ ಹಸಿಯಂತೆ!

ನನ್ನ ಮಾನ ಕಾಪಾಡಲು ಇವನ್ಯಾರು? ದಾರಿ ಕಸಿದುಕೊಂಡ, ಕಿಟಕಿ ಕಸಿದುಕೊಂಡ, ಈಗ ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದ. ಬೆಳಗ್ಗೆ ಚಹಾ ಕೊಡಲು ಹೋದರೆ "ಥ್ಯಾಂಕ್ಸ್ ಅಕ್ಕ, ನೀವು ಬರದೆ ಇದ್ದಿದ್ರೆ ಏನು ಗತಿ?" ಅಂದ. ವ್ಯಂಗ್ಯವಿದ್ದರೆ ಸಹಿಸಬಹುದಿತ್ತು. ಇರಲಿಲ್ಲ.

ಪಾದಕ್ಕೆ ಎರಡು ಸಲ ಪಟ್ಟಿ ಕಟ್ಟಿದೆ. ತಂಗಿ ಕಟ್ಟಿದ್ದು ಸಡಿಲವಾಗಿತ್ತು, ಅದಕ್ಕೆ. ಊಟ ಸೇರಲಿಲ್ಲ.

ಅಕ್ಟೋಬರ್ 11, ಶನಿವಾರ

ಅಪ್ಪ ಒಂದನೇ ಕೆರೆಯ ಏರಿಯ ಮೇಲೆ ಒಬ್ಬರೇ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಮರ ಬಿದ್ದು ಬಹಳ ದಿನವಾಗಿದೆ, ಸೋಮವಾರವೇ ನೋಡಿದ್ದೆ, ಅವನು ದಾರಿ ತಪ್ಪಲಿ ಅಂತಲೇ ಸುಳ್ಳು ಹೇಳಿದೆ ಅಂದೆ. ಅವನ ಉಪಕಾರದ ಕೆಳಗೆ ಇರುವುದಕ್ಕಿಂತ ಅಪ್ಪನ ಸಿಟ್ಟೇ ವಾಸಿ ಅನ್ನಿಸಿತ್ತು.

ಅಪ್ಪ ಸಿಟ್ಟಾಗಲಿಲ್ಲ.

"ಬೇರೆ ಏನು ಮಾಡಿದ್ರೂ ಹೊಟ್ಟೆಗೆ ಹಾಕ್ಕೊಳ್ತಿದ್ದೆ ಮಗಳೇ. ಗುರುತು ನಂಬಿಕೊಂಡು ಯಾರ್ಯಾರೋ ಬರ್ತಾರೆ. ಅವರು ನಮ್ಮನ್ನ ನೋಡೂ ಇರಲ್ಲ."

"ಗೊತ್ತಪ್ಪ."

"ಫಾರಮ್ಮಲ್ಲಿ ಎರಡು ಹೆಸರು ಬರೀಬಹುದು. ನಿಂದೂ ಅವರದೂ ಬರೆಯೋಣ ಅಂತ ಮೊದಲ್ನೇ ದಿನಾನೇ ಅಂದ್ಕೊಂಡಿದ್ದೆ. ಈಗ ನಿಂದು ಬರೆಯೋಕಾಗಲ್ಲ."

"ಬರೀಬೇಡಿ" ಅಂದೆ. ಅಂದಮೇಲೆ ಅಳು ಬಂತು. ಅಳುತ್ತಲೇ ಕೇಳಿದೆ, "ಆದ್ರೆ ಅವರೇ ಯಾಕಪ್ಪ? ದಾರಿ ಗೊತ್ತಿರೋದು ನಂಗೆ."

"ಅದೇ ತೊಂದರೆ. ನಿಂಗೆ ಎಲ್ಲೂ ಅನುಮಾನ ಬರಲ್ಲ. ನಂಗೂ ಬರಲ್ಲ. ಗುರುತು ಎಲ್ಲಿ ಬೇಕು ಅಂತ ತಪ್ಪೋರಿಗೇ ಗೊತ್ತಾಗೋದು. ಮೊದಲ್ನೇ ಸಲ ನಿನ್ನ ಯಾಕೆ ಮುಂದೆ ಬಿಟ್ಟೆ ಅಂದ್ಕೊಂಡಿದ್ದೀಯ?"

"ದಾರಿ ತೋರ್ಸೋಕೆ."

ಅಪ್ಪ ನಕ್ಕರು. ಅವತ್ತು ಕಾಲುಚೀಲ ಹಿಡಿದು ನಕ್ಕ ಹಾಗಲ್ಲ, ಬೇರೆ ಥರ. "ಏಳು ವರ್ಷದ ಮಗುಗೆ ಯಾವ ದಾರಿ ಗೊತ್ತಿರತ್ತೆ? ನೀನು ಗತ್ತಲ್ಲಿ ಹೋಗ್ತಿದ್ದೆ, ಇದ್ದಕ್ಕಿದ್ದ ಹಾಗೆ ನಿಂತ್ಬಿಡ್ತಿದ್ದೆ. ಹಿಂದೆ ತಿರುಗಿ ನನ್ನ ಕೇಳೋಕೆ ನಿಂಗೆ ಅವಮಾನ. ನೀನು ನಿಂತಲ್ಲೆಲ್ಲ, ನಿನ್ನ ಕಣ್ಣಿಗೆ ಬೀಳೋ ಹಾಗೆ ಒಂದು ಗುರುತು ಹಾಕ್ದೆ. ಅದನ್ನ ನೋಡಿ ನೀನು ಮತ್ತೆ ಹೊರಡ್ತಿದ್ದೆ. ನಿನ್ನ ಎತ್ತರ ಮರೀಬಾರದು ಅಂತ ಕೋಲಲ್ಲಿ ಗೀಟು ಹಾಕ್ಕೊಂಡೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮುಂದೆ ನಡ್ದೆ, ಮುಂದೆ ನಡ್ದೆ ಅಂತ ನೀನು ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ. ಹೇಗೆ ಹೇಳ್ಲಿ?"

ಈಗ ಟೆಂಟಿನಲ್ಲಿ ಕೂತು ಬರೆಯುತ್ತಿದ್ದೇನೆ. ದಾರಿ ಹೋಯಿತು. ಬೇಜಾರಾಗಿದೆ, ಬಹಳ ಬೇಜಾರಾಗಿದೆ. ಬಟಾಣಿ ಸೂಪನ್ನು ಎರಡು ಬಟ್ಟಲು ಕುಡಿದೆ.

ಅಕ್ಟೋಬರ್ 12, ಭಾನುವಾರ (ಬಸ್ಸಿನಲ್ಲಿ)

ಅಪ್ಪನ ಅಕ್ಷರ ಯಾರಿಗೂ ಅರ್ಥವಾಗದೆಂದು ಫಾರಂ ತುಂಬಿದ್ದು ನಾನು. ಹೆಸರಿನ ಜಾಗಕ್ಕೆ ಬಂದಾಗ ಅವನ ಪೂರ್ತಿ ಹೆಸರು, ಇನಿಷಿಯಲ್ಲು ನನಗೆ ಗೊತ್ತಿಲ್ಲ ಅಂತ ಗೊತ್ತಾಯಿತು. ಮದುವೆಯ ಕರೆಯೋಲೆ ಹಂಚಿದವಳೇ ನಾನು, ಅದನ್ನು ಓದಿರಲಿಲ್ಲ. ಕೇಳಿ, ಅಂದವಾಗಿ ಬರೆದೆ. ಕೆಳಗೆ ಸಂಘದವರ ಹಳೆಯ ಪ್ರಶ್ನೆ ಇತ್ತು: ಗುರುತುಗಳ ಎತ್ತರ ಕಡಿಮೆ ಇರಲು ಕಾರಣವೇನು? ಅಪ್ಪ "ಏನಾದ್ರೂ ಬರಿ" ಅಂದರು. "ದಾರಿ ಮಾಡುವಾಗ ಮುಂದೆ ನಡೆದವಳಿಗೆ ಏಳು ವರ್ಷ" ಅಂತ ಬರೆದೆ.

ಕಚೇರಿಯ ಹೆಂಗಸು ನಮ್ಮನ್ನೆಲ್ಲ ಜೀಪಿನಲ್ಲಿ ಐದನೇ ಕೆರೆಗೆ ಬಿಟ್ಟಳು. ಕವಲಿನ ಗುರುತು ಹಾಕದೆ ಹೊರಡುವ ಹಾಗಿರಲಿಲ್ಲ. ಅಪ್ಪ ತಂಗಿಗೆ "ನೀನು ಮುಂದೆ ನಡಿ" ಅಂದರು. ಅವಳು ಸೊಳ್ಳೆ ಹೊಡೆದುಕೊಳ್ಳುತ್ತಾ ನಡೆದಳು, ಬಿದ್ದ ಮರ ಸುತ್ತಿ ಹೋಗಿ ನಿಂತಳು. "ಈಗ ಯಾವ ಕಡೆ?"

"ಅಲ್ಲೇ ನಿಂತಿರು" ಅಂದರು ಅಪ್ಪ. ಅವಳ ಎದುರಿಗೇ ಒಂದು ದೊಡ್ಡ ಬಂಡೆ. ಇಷ್ಟು ವರ್ಷ ಮರದ ಹಿಂದೆ ಅದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ತಂಗಿಯ ಗಂಡ ಉಳುಕಿದ ಕಾಲಿನಲ್ಲಿ ಬಗ್ಗಲು ಹೋಗಿ "ಅಯ್ಯಪ್ಪಾ" ಅಂದು ಬ್ರಷ್ಷನ್ನು ನನ್ನ ಕೈಗೆ ಕೊಟ್ಟ. "ಎಷ್ಟು ಎತ್ತರಕ್ಕೆ?" ಅಂತ ಕೇಳಿದೆ. "ಸಂಘದವರು ಮೇಲೆ ಹಾಕಿ ಅಂತಾರೆ. ದಾರಿ ನಿಮ್ಮದು, ನೀವು ಹೇಳ್ಬೇಕು."

"ಇದ್ದ ಎತ್ತರಕ್ಕೇ ಇರ್ಲಿ ಅಕ್ಕ" ಅಂದ. ಕೋಲನ್ನು ಬಂಡೆಗೆ ಆನಿಸಿ ಹಿಡಿದ.

ಮಂಡಿಯೂರಿದೆ. ಗೀಟು ಸರಿಯಾಗಿ ನನ್ನ ಕಣ್ಣಿನ ನೇರಕ್ಕೆ ಬಂತು. ಪಾಚಿ ಉಜ್ಜಿದೆ, ಬಿಳಿ ಬಳಿದೆ. ಅಪ್ಪ ಹತ್ತು ಹೆಜ್ಜೆ ಹಿಂದೆ ಹೋಗಿ, ನೋಯುವ ಮಂಡಿಯನ್ನೇ ಬಗ್ಗಿಸಿ, ನನ್ನ ಎತ್ತರಕ್ಕೆ ಕೂತು ನೋಡಿದರು. "ಕಾಣುತ್ತೆ" ಅಂದರು.

ಅವರ ಹೊಸ ಟೆಂಟು ಮಾತ್ರ ಮತ್ತೆ ಚೀಲಕ್ಕೆ ಹೋಗಲು ಒಪ್ಪಲಿಲ್ಲ. ಮಡಚಿದರೆ ಎದ್ದು ನಿಲ್ಲುತ್ತದೆ. ಕೊನೆಗೆ ನಾನೇ ಅದರ ಮೇಲೆ ಕೂತೆ, ತಂಗಿ ಚೀಲ ಎಳೆದಳು. ಅವನು ಒಂಟಿ ಕಾಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಅಪ್ಪನೂ ನಕ್ಕರು. ಕಣ್ಣಲ್ಲಿ ನೀರು ಬಂತು ಅವರಿಗೆ.

ಬಂಡೆಯ ಬಿಳಿ ಒಣಗಲು ಒಂದು ದಿನ ಬೇಕು, ಕೆಂಪು ಪಟ್ಟಿ ಬಾಕಿ ಉಳಿದಿದೆ. ಈಗಷ್ಟೇ ಅವನು ಮುಂದಿನ ಸೀಟಿನಿಂದ ತಿರುಗಿ, "ಮುಂದಿನ ಭಾನುವಾರ ಬಂದು ಕೆಂಪು ಹಾಕ್ಬೇಕು, ಉಳಿದ ಕೆರೆಗಳ ಕೆಲಸಾನೂ ಮುಗಿಸ್ಬೇಕು. ಬೆಳಗ್ಗೆ ಬಸ್ ಎಷ್ಟು ಹೊತ್ತಿಗಿದೆ ಅಕ್ಕ? ಒಬ್ನೇ ಬಂದ್ರೆ ಮತ್ತೆ ಗಣಿಗೇ ಹೋಗ್ತೀನಿ" ಅಂದ.

"ಮೊದಲ ಬಸ್ ಏಳು ಹತ್ತಕ್ಕೆ" ಅಂದೆ. "ಆದ್ರೆ ಬಲಗಡೆ ಕಿಟಕಿ ಸೀಟು ನಂದು. ಅದನ್ನ ಮಾತ್ರ ಬಿಟ್ಟುಕೊಡಲ್ಲ."